ಬಿಸಿಲು ಇಳಿದರೂ ಕೆನ್ನೆಯ ಕೆಂಪು ಯಾಕೆ ಇಳಿಯಲ್ಲ?

ನಮಸ್ಕಾರ. ರಾಯಚೂರಿನಿಂದ ಒಬ್ಬರು ಕೇಳಿದ್ದಾರೆ: "ಅಕ್ಕ ಹತ್ತಿ ಬಿಡಿಸಿ ಬಂದರೆ ಕೆನ್ನೆ ಕೆಂಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಡಾಕ್ಟರು ಲೂಪಸ್ ಅಂದರು. ಅದೇ ಹೊಲದಲ್ಲಿದ್ದ ನಮಗೆ ಏನೂ ಆಗಲ್ಲ, ಯಾಕೆ?" ನಮ್ಮ ಕಡೆ ಎಲ್ಲದಕ್ಕೂ ಬರ ಬರಬಹುದು, ಬಿಸಿಲಿಗೆ ಮಾತ್ರ ಬರಲ್ಲ. ಹಾಗಾಗಿ ಇವತ್ತು ಇದೇ ವಿಷಯ.

ಬೇಸಿಕ್ ಬೇಗ ಮುಗಿಸುತ್ತೇನೆ. ರೋಗ ತಡೆಯಬೇಕಾದ ಕೋಶಗಳು ನಮ್ಮ ದೇಹದ ಮೇಲೇ ತಿರುಗಿಬೀಳುವುದು ಲೂಪಸ್. ಅಂಟುರೋಗ ಅಲ್ಲ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಬಿಸಿಲಿನಲ್ಲಿರುವ ಯುವಿ (ಅತಿನೇರಳೆ) ಕಿರಣ ಬಿದ್ದರೆ ಎಲ್ಲರ ಚರ್ಮದಲ್ಲೂ ಒಂದಷ್ಟು ಕೋಶ ಸಾಯುತ್ತವೆ. ಆ ಕಸವನ್ನು ದೇಹ ಬೇಗ ಗುಡಿಸಿಬಿಡಬೇಕು. ಲೂಪಸ್‌ನಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಸತ್ತ ಕೋಶದ ಡಿಎನ್‌ಎ, ಆರ್‌ಎನ್‌ಎ ಪ್ರತಿಕಾಯಗಳ ಜೊತೆ ಸೇರಿ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶದೊಳಗೆ ಹೋಗುತ್ತವೆ. ಈ ಹೆಸರು ಇಟ್ಟವರಿಗೆ ನಮಸ್ಕಾರ, ನಾವು ಪಿಡಿಸಿ ಅನ್ನೋಣ. ರಕ್ತದಲ್ಲಿ ಇವು ಬಿಳಿಕೋಶಗಳ ಶೇ. 1ರಷ್ಟೂ ಇಲ್ಲ. ಆದರೆ ವೈರಸ್ ಕಂಡರೆ ಬೇರೆ ಕೋಶಗಳಿಗಿಂತ ನೂರಾರು ಪಟ್ಟು ಇಂಟರ್‌ಫೆರಾನ್, ಅಂದರೆ ಅಕ್ಕಪಕ್ಕದ ಕೋಶಗಳಿಗೆ ಎಚ್ಚರಿಕೆ ಕೊಡುವ ಪ್ರೋಟೀನ್, ಸುರಿಸುತ್ತವೆ. ಇಲ್ಲಿ ವೈರಸ್ಸೇ ಇಲ್ಲ! ನಮ್ಮದೇ ಡಿಎನ್‌ಎ ನೋಡಿ ಗಾಬರಿ.

[ಸ್ಕ್ರೀನ್ ಮೇಲೆ: ತುಂಗಭದ್ರಾ ಡ್ಯಾಮಿನ ನಕ್ಷೆ]

2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಹೊಳೆ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು, ನೆನಪಿದೆ ಅಲ್ವಾ? ಗೇಟು ಗಟ್ಟಿಯಾಗಿದ್ದರೂ ಆ ಎಚ್ಚರಿಕೆ ದಿನಾ ಬರುತ್ತಿದ್ದರೆ? ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಕೂತಿರುತ್ತದೆ. ಎಮ್ಮೆ ಹಗ್ಗ ಕೈಯಲ್ಲೇ ಇರುತ್ತದೆ. ನಾಲ್ಕು ಹನಿ ಬಿದ್ದರೂ ಓಟ. ಲೂಪಸ್ ಇರುವವರ ಚರ್ಮದ ಸ್ಥಿತಿ ಇದೇ. ನನ್ನನ್ನು ಬೆಚ್ಚಿಬೀಳಿಸಿದ್ದು ಇದು: ಒಂದು ಕಲೆಯೂ ಇಲ್ಲದ, ನೋಡೋಕೆ ಚೆನ್ನಾಗಿರುವ ಚರ್ಮದಲ್ಲೂ ಇಂಟರ್‌ಫೆರಾನ್ ಜಾಸ್ತಿ ಇರುತ್ತದೆ. ಪಿಡಿಸಿ ಒಂದೇ ಅಲ್ಲ, ಮೇಲ್ಪದರದ ಕೆರಾಟಿನೊಸೈಟ್ ಕೋಶಗಳೂ ಸುಮ್ನೆ ಕೂರದೆ ಇಂಟರ್‌ಫೆರಾನ್ ಕಪ್ಪಾ ಅನ್ನುವುದನ್ನು ತಯಾರಿಸುತ್ತಿರುತ್ತವೆ. ಅಂದರೆ ಅಕ್ಕ ಹೊಲಕ್ಕೆ ಕಾಲಿಡುವ ಮೊದಲೇ ಕೆನ್ನೆ ತಯಾರಾಗಿ ನಿಂತಿದೆ. ನಿಮಗೂ ಅವರಿಗೂ ಬಿಸಿಲು ಒಂದೇ, ಚರ್ಮ ಒಂದೇ ಅಲ್ಲ.

ಟೈಮ್ ಕಮ್ಮಿ ಇದೆ, ಉಳಿದದ್ದು ಸರಸರ. ಇಂಟರ್‌ಫೆರಾನ್ ಕೂಗಿಗೆ ಟಿ ಕೋಶಗಳು ಅನ್ನುವ ಬಿಳಿಕೋಶಗಳು ಬಂದು ಮೇಲ್ಪದರದ ಬುಡದ ಕೋಶಗಳನ್ನು ಕೊಲ್ಲುತ್ತವೆ. ಮತ್ತೆ ಕಸ, ಮತ್ತೆ ಪಿಡಿಸಿ. ವಾರಗಟ್ಟಲೆ ಕೆಂಪು ಉಳಿಯುವುದು ಹೀಗೆ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಹಳೇ ಮಲೇರಿಯಾ ಮಾತ್ರೆ. ಪಿಡಿಸಿ ಒಳಗೆ ಡಿಎನ್‌ಎ ಗುರುತು ಹಿಡಿಯುವುದನ್ನೇ ತಡೆಯುತ್ತದೆ. ಅದನ್ನು ನೀವಾಗೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಾಗ ಕಣ್ಣಿನ ಪರೀಕ್ಷೆ ಮಾಡಿಸಿ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಅನಿಫ್ರೊಲುಮ್ಯಾಬ್ ಇಂಜೆಕ್ಷನ್ ಇಂಟರ್‌ಫೆರಾನ್ ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ.

ಇನ್ನೊಂದು, ಯುವಿಯಲ್ಲೇ ಒಂದು ಬಗೆಯಾದ ಯುವಿಎ ಕಿರಣ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಸನ್‌ಸ್ಕ್ರೀನ್ ಹಚ್ಚಿ, ತಲೆ ಮೇಲೆ ಸೆರಗು ಇರಲಿ. ರಾಯಚೂರು ಬಸ್ಸಿನಲ್ಲಿ ಕಿಟಕಿ ಸೀಟಿಗೆ ಟವೆಲ್ ಹಾಕುವುದನ್ನು ಅಕ್ಕ ಬಿಡಲಿ, ಅದು ನಿಮಗಿರಲಿ.