ಆಕಾಶದಿಂದ ಬಂಡೆ ಬರುತ್ತಿದೆ ಅಂದರೆ, ನಿಮಗೆ ಮೊದಲೇ ಹೇಳಬೇಕಾ?

[ಕಪ್ಪು ಪರದೆ. ನಡುವೆ ಒಂದೇ ಅಂಕಿ: 3.1%]

ನಮಸ್ಕಾರ. ಈ ಅಂಕಿ ನೆನಪಿದೆಯಾ?

2025ರ ಫೆಬ್ರವರಿ 18. 2032ರ ಡಿಸೆಂಬರ್ 22ರಂದು ಒಂದು ಕ್ಷುದ್ರಗ್ರಹ ಭೂಮಿಗೆ ಬಡಿಯುವ ಸಾಧ್ಯತೆ ಶೇಕಡ 3.1 ಅಂತ ನಾಸಾ ಹೇಳಿದ ದಿನ ಅದು. ಆ ಬಂಡೆಯ ಹೆಸರು 2024 ವೈಆರ್4. ಅಗಲ ಸುಮಾರು 60 ಮೀಟರ್. ಭೂಮಿಯನ್ನೇ ಮುಗಿಸುವಷ್ಟು ದೊಡ್ಡದಲ್ಲ. ಆದರೆ ಊರಿನ ಮೇಲೆ ಬಿದ್ದರೆ ಊರು ಉಳಿಯುವುದಿಲ್ಲ.

[ನಕ್ಷೆ: ಭೂಮಿಯ ಮೇಲೆ ಒಂದು ಉದ್ದನೆಯ ಕೆಂಪು ಪಟ್ಟಿ]

ಬಿದ್ದರೆ ಎಲ್ಲೆಲ್ಲಿ ಬೀಳಬಹುದು ಅನ್ನುವುದನ್ನೂ ಲೆಕ್ಕ ಹಾಕಿದ್ದರು. ಪೆಸಿಫಿಕ್ ಸಾಗರದ ಪೂರ್ವದಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರ, ಕೊನೆಗೆ ನಮ್ಮ ದಕ್ಷಿಣ ಏಷ್ಯಾ. ಸುದ್ದಿಗಳಲ್ಲಿ ಮುಂಬೈ ಹೆಸರೂ ಬಂತು.

ಅವತ್ತು ಸಂಜೆ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಮ್ಮ ಅರ್ಧಕ್ಕೇ ತಡೆದರು. "ಇದನ್ನೆಲ್ಲ ನಂಗ್ಯಾಕೋ ಹೇಳ್ತೀಯ? ಬರೋದಾದ್ರೆ ಬರ್ಲಿ. ಗೊತ್ತಾಗದೆ ಹೋಗೋದೇ ಮೇಲು."

ಹೀಗೆ ಅನ್ನುವವರು ಅಮ್ಮ ಒಬ್ಬರೇ ಅಲ್ಲ. ಗೆರ್ಡ್ ಗಿಗರೆಂಜರ್ ಅಂತ ಜರ್ಮನಿಯ ಮನಃಶಾಸ್ತ್ರಜ್ಞರು, ಇನ್ನೊಬ್ಬ ಸಂಶೋಧಕಿಯ ಜೊತೆ ಸೇರಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜರ್ಮನಿ ಮತ್ತು ಸ್ಪೇನಿನಲ್ಲಿ 2,000ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ನಿಮ್ಮ ಸಂಗಾತಿ ಯಾವಾಗ ತೀರಿಕೊಳ್ಳುತ್ತಾರೆ ಅಂತ ಈಗಲೇ ತಿಳಿಯಬೇಕಾ? ಇಂಥ ಕೆಟ್ಟ ಸುದ್ದಿ ಮೊದಲೇ ಬೇಡ ಅಂದವರು 100ಕ್ಕೆ 85ರಿಂದ 90 ಜನ.

ನನಗೆ ಅವರ ಉತ್ತರ ಅರ್ಥವಾಗುತ್ತದೆ. ತಪ್ಪಿಸಲಾಗದ ತಾರೀಖನ್ನು ಎದೆಯಲ್ಲಿಟ್ಟುಕೊಂಡು ಯಾರು ಊಟ ಮಾಡುತ್ತಾರೆ ಹೇಳಿ? ಆದರೆ ಕ್ಷುದ್ರಗ್ರಹದ ಎಚ್ಚರಿಕೆ ಅಂಥ ತಾರೀಖಲ್ಲ. ಅದು ಬರುವುದು "ಬೀಳುತ್ತದೆ" ಅಂತ ಅಲ್ಲ, "ಬೀಳಬಹುದು" ಅಂತ. ಈ "ಬಹುದು" ಜೊತೆ ಬದುಕುವುದು ಬೇರೆಯೇ ಕೆಲಸ.

ನಮ್ಮ ಹಳ್ಳಿಗಳು ಅದನ್ನು ಒಮ್ಮೆ ನೋಡಿವೆ. 1979ರ ಜುಲೈ.

[ಹಳೆಯ ಚಿತ್ರ: ಸ್ಕೈಲ್ಯಾಬ್]

ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಕೆಳಗೆ ಬೀಳುತ್ತಿತ್ತು. ತೂಕ 70 ಟನ್ನಿಗೂ ಜಾಸ್ತಿ. ಎಲ್ಲಿ ಬೀಳುತ್ತದೆ ಅಂತ ಕೊನೆಯವರೆಗೂ ಯಾರಿಗೂ ಖಚಿತವಿರಲಿಲ್ಲ. ಅಮ್ಮನಿಗೆ ಆಗ ಎಂಟು ವರ್ಷ, ಊರು ತಿಪಟೂರಿನ ಕಡೆ. ಲೋಕವೇ ಮುಗಿಯುತ್ತದಂತೆ ಅನ್ನುವ ಸುದ್ದಿ ಹಬ್ಬಿತು. ಹಬ್ಬಕ್ಕೆ ಅಂತ ಸಾಕಿದ್ದ ಕೋಳಿಗಳು ಒಂದೊಂದೇ ಸಾರಾದವು. ಸಾಲ ಮಾಡಿ ಕುರಿ ಕಡಿದವರೂ ಇದ್ದರಂತೆ. ನಮ್ಮಜ್ಜಿಯೂ ಕೋಳಿ ಕೊಯ್ಯಿಸಿದರು, ಮಕ್ಕಳಿಗೆ ಹೊಟ್ಟೆ ತುಂಬ ಬಡಿಸಿದರು. ಆದರೆ ಬಿತ್ತನೆ ರಾಗಿ ಇಟ್ಟಿದ್ದ ಗುಡಾಣದ ಬಾಯಿ ಮಾತ್ರ ಬಿಚ್ಚಲಿಲ್ಲ. ಯಾಕಮ್ಮ ಅಂದರೆ, "ಬೀಳದೇ ಇದ್ರೆ ಬಿತ್ತಬೇಕಲ್ಲ" ಅಂದರಂತೆ.

ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತಮುತ್ತ ಬಿದ್ದವು. ಅಜ್ಜಿ ಆ ತಿಂಗಳೇ ರಾಗಿ ಬಿತ್ತಿದರು. ಸಾಲದ ಕುರಿ ತಿಂದವರು ವರ್ಷಗಟ್ಟಲೆ ಬಡ್ಡಿ ಕಟ್ಟಿದರು. ಅವರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ಅವರಿಗೆ ಭಯ ತಲುಪಿತು, ಅಂಕಿ ತಲುಪಲಿಲ್ಲ. ಎಷ್ಟು ಅಪಾಯ, ಏನು ಮಾಡಬೇಕು, ಯಾರೂ ಹೇಳಲಿಲ್ಲ.

ಅಂಕಿಯ ವಿಷಯಕ್ಕೆ ಬರೋಣ. ವೈಆರ್4 ಸುದ್ದಿ ಬಂದಾಗ ತುಂಬಾ ಜನ ಸಿಟ್ಟಾದರು. ಮೊದಲು ಶೇಕಡ 1 ಅಂದರು, ಆಮೇಲೆ 2, ಆಮೇಲೆ 3. ಫೆಬ್ರವರಿ 24ಕ್ಕೆ ನೋಡಿದರೆ 0.004! ಸುಮ್ನೆ ಹೆದರಿಸಿದರಾ?

[ಚಿತ್ರ: ಅಂಗಳ, ನೂರು ಚೌಕ. ಒಂದು ಚೌಕದಲ್ಲಿ ತುಳಸಿಕಟ್ಟೆ]

ಹೀಗೆ ಯೋಚಿಸಿ. ಅಂಗಳದಲ್ಲಿ ಮೂಗುಬೊಟ್ಟು ಬಿದ್ದು ಕಳೆದುಹೋಗಿದೆ. ಅಂಗಳವನ್ನು ನೂರು ಚೌಕ ಮಾಡಿಕೊಂಡಿರಿ. ತುಳಸಿಕಟ್ಟೆಯ ಹತ್ತಿರ ಬಿದ್ದಿರುವ ಸಾಧ್ಯತೆ ನೂರಕ್ಕೆ ಒಂದು. ಅರ್ಧ ಅಂಗಳ ಗುಡಿಸಿದಿರಿ, ಸಿಗಲಿಲ್ಲ. ಈಗ ಐವತ್ತಕ್ಕೆ ಒಂದು. ಇನ್ನಷ್ಟು ಗುಡಿಸಿದಿರಿ, ಈಗ ಮೂವತ್ತೆರಡಕ್ಕೆ ಒಂದು. ತುಳಸಿಕಟ್ಟೆಯ ಬಳಿ ಹೊಸದಾಗಿ ಏನೂ ಆಗಿಲ್ಲ, ಹುಡುಕುವ ಜಾಗ ಚಿಕ್ಕದಾಗಿದೆ ಅಷ್ಟೇ. ಆಮೇಲೆ ಬಾವಿಕಟ್ಟೆ ಪಕ್ಕದಲ್ಲಿ ಬೊಟ್ಟು ಹೊಳೆಯುತ್ತದೆ. ಒಂದೇ ಕ್ಷಣಕ್ಕೆ ತುಳಸಿಕಟ್ಟೆಯ ಲೆಕ್ಕ ಸೊನ್ನೆ.

3.1% ಅಂದರೆ ಹೆಚ್ಚುಕಡಿಮೆ ಆ ಮೂವತ್ತೆರಡಕ್ಕೆ ಒಂದೇ. ಅಂಗಳ ಅಂದರೆ ಬಂಡೆ ಹಾದುಹೋಗಬಹುದಾದ ಜಾಗ, ತುಳಸಿಕಟ್ಟೆ ಅಂದರೆ ಭೂಮಿ. ಹತ್ತು ಮೀಟರಿಗಿಂತ ದೊಡ್ಡ ಬಂಡೆ, ಶೇಕಡ ಒಂದಕ್ಕಿಂತ ಹೆಚ್ಚು ಸಾಧ್ಯತೆ ಇದ್ದರೆ ಜಗತ್ತಿಗೆ ತಿಳಿಸಬೇಕು ಅನ್ನುವುದು ಅಂತರರಾಷ್ಟ್ರೀಯ ಒಪ್ಪಂದ. ಅದರಂತೆ ಜನವರಿ 29ರಂದೇ ತಿಳಿಸಿದರು. ಬೊಟ್ಟು ಸಿಕ್ಕಿದ ಮೇಲೆ ಹೇಳೋಣ ಅಂತ ಮುಚ್ಚಿಟ್ಟಿದ್ದರೆ? ಮುಂದಿನ ಸಲ ನಿಜವಾದ ಸುದ್ದಿಯನ್ನೂ ಯಾರೂ ನಂಬುತ್ತಿರಲಿಲ್ಲ.

ಈಗ ನನ್ನನ್ನು ಜಾಸ್ತಿ ಕಾಡುವ ವಿಷಯ ಹೇಳುತ್ತೇನೆ.

2004ರ ಡಿಸೆಂಬರ್ ಕೊನೆಯ ವಾರ. ಅಪೋಫಿಸ್ ಅನ್ನುವ ಇನ್ನೊಂದು ಬಂಡೆ, ಮುನ್ನೂರು ಮೀಟರಿಗಿಂತ ದೊಡ್ಡದು. 2029ರ ಏಪ್ರಿಲ್ 13ರಂದು ಬಡಿಯುವ ಸಾಧ್ಯತೆ ಡಿಸೆಂಬರ್ 27ಕ್ಕೆ ಶೇಕಡ 2.7 ಮುಟ್ಟಿತು. ಹಳೆಯ ಚಿತ್ರಗಳಲ್ಲಿ ಅದೇ ಬಂಡೆ ಸಿಕ್ಕಿದ್ದರಿಂದ ಆ ಭಯ ಕೂಡಲೇ ಕಳೆಯಿತು. ಇಪ್ಪತ್ತನಾಲ್ಕು ವರ್ಷ ಮುಂದಿನ ಅಪಾಯ ಗೊತ್ತಾಗಿತ್ತು.

ಅದರ ಹಿಂದಿನ ದಿನವೇ, ಡಿಸೆಂಬರ್ 26ರ ಬೆಳಿಗ್ಗೆ ಸುಮಾರು ಆರೂವರೆಗೆ ಸುಮಾತ್ರಾ ಬಳಿ ಕಡಲಡಿ ಕಂಪಿಸಿತ್ತು. ತಮಿಳುನಾಡಿನ ದಡಕ್ಕೆ ಅಲೆ ಬರಲು ಎರಡು ಗಂಟೆ ಹಿಡಿಯಿತು. ಎರಡು ಗಂಟೆ! ನಾಗಪಟ್ಟಣದ ಮೀನುಗಾರರಿಗೆ ಒಂದು ಮಾತು ತಲುಪಲಿಲ್ಲ. ಹಿಂದೂ ಮಹಾಸಾಗರಕ್ಕೆ ಸುನಾಮಿ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ನಮ್ಮ ದೇಶದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಹೈದರಾಬಾದಿನಲ್ಲಿ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಅವರಲ್ಲಿ ಯಾರನ್ನಾದರೂ ಮೊದಲೇ ಕೇಳಿದ್ದರೆ "ಗೊತ್ತಾಗದೆ ಹೋಗೋದೇ ಮೇಲು" ಅನ್ನುತ್ತಿದ್ದರಾ? ನನಗೆ ಹಾಗನ್ನಿಸುವುದಿಲ್ಲ. ಎರಡು ಕಿಲೋಮೀಟರ್ ಒಳಗೆ ನಡೆದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

[ವಿಡಿಯೋ ತುಣುಕು: ಚೆಲ್ಯಾಬಿನ್ಸ್ಕ್ ಆಕಾಶದಲ್ಲಿ ಬೆಳಕಿನ ಗೆರೆ]

ರಷ್ಯಾದ ಚೆಲ್ಯಾಬಿನ್ಸ್ಕ್, 2013ರ ಫೆಬ್ರವರಿ 15. ಸುಮಾರು 20 ಮೀಟರಿನ ಬಂಡೆ ಆಕಾಶದಲ್ಲೇ ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾವ ಟೆಲಿಸ್ಕೋಪಿಗೂ ಕಂಡಿರಲಿಲ್ಲ. ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಎರಡು ನಿಮಿಷದ ಮೇಲೆ ಶಬ್ದದ ಹೊಡೆತ ಬಂತು, ಗಾಜು ಸಿಡಿದು ಸುಮಾರು 1,500 ಜನಕ್ಕೆ ಗಾಯ. ಒಂದು ಶಾಲೆಯ ಟೀಚರ್ ಮಾತ್ರ 44 ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ. ನಿಂತೇ ಇದ್ದ ಟೀಚರ್ ತೋಳಿಗೆ ಗಾಜು ಹೊಕ್ಕಿತು. ಎರಡು ನಿಮಿಷಕ್ಕೆ ಅಷ್ಟು ಬೆಲೆ.

ವರ್ಷಗಳೇ ಸಿಕ್ಕಿದರೆ ಬಂಡೆಯ ದಾರಿಯನ್ನೇ ತಿರುಗಿಸಬಹುದು. 2022ರ ಸೆಪ್ಟೆಂಬರಿನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ 160 ಮೀಟರಿನ ಬಂಡೆಗೆ ಬೇಕಂತಲೇ ಗುದ್ದಿತು. ಅದು ತನ್ನ ದೊಡ್ಡ ಜೊತೆಗಾರನನ್ನು ಸುತ್ತುವ ಸಮಯ ಸುಮಾರು ಅರ್ಧ ಗಂಟೆ ಕಡಿಮೆಯಾಯಿತು. ಹತ್ತು ವರ್ಷ ಮೊದಲೇ ಚೂರು ತಳ್ಳಿದರೂ ಸಾಕು, ಬರುವ ಹೊತ್ತಿಗೆ ಬಂಡೆ ಎಲ್ಲೋ ದೂರ ಇರುತ್ತದೆ. ಕೊನೆಯ ತಿಂಗಳಲ್ಲಿ ಅದು ಆಗದ ಮಾತು.

ಹಾಗಾಗಿ ನನ್ನ ಉತ್ತರ: ಹೇಳಿ. ಶೇಕಡ ಒಂದು ಇದ್ದಾಗಲೇ ಹೇಳಿ. ಕನ್ನಡದಲ್ಲಿ ಹೇಳಿ. ಏನು ಮಾಡಬೇಕು ಅಂತಲೂ ಅದರ ಜೊತೆಗೇ ಹೇಳಿ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಲ್ಲರ ಫೋನೂ ಒಟ್ಟಿಗೇ ಕಿರುಚಿತ್ತಲ್ವಾ, ತುರ್ತು ಎಚ್ಚರಿಕೆ ಕೆಲಸ ಮಾಡುತ್ತದಾ ಅಂತ ನೋಡಲು ಕಳಿಸಿದ ಸಂದೇಶ? ದಾರಿ ಆಗಲೇ ಇದೆ.

ಮೊನ್ನೆ ಊರಿಗೆ ಹೋದಾಗ ಅಮ್ಮನಿಗೆ ಡಾರ್ಟ್ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಈಗ ಹೇಳಮ್ಮ, ಮೊದಲೇ ತಿಳಿಸಬೇಕಾ ಬೇಡವಾ ಅಂದೆ.

"ತಳ್ಳೋಕಾಗತ್ತೆ ಅಂದ್ರೆ ಬೇಗ ಹೇಳ್ಬೇಕಪ್ಪ. ಆಗಲ್ಲ ಅಂದ್ರೆ ಹಿಂದಿನ ದಿನ ಹೇಳಿ ಸಾಕು. ನೀವೆಲ್ಲ ಊರಿಗೆ ಬರೋಷ್ಟು ಟೈಮ್ ಇರ್ಲಿ."