ದಸರಾ ರಜೆಯ ಚಾಕರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಗರ, ಸೊರಬ, ಹೊಸನಗರದ ಕಡೆಯ ಅಡಿಕೆ ಸೀಮೆಯಲ್ಲಿ ಶಾಲೆಗೆ ದಸರಾ ರಜೆ ಸಿಗುವ ಹೊತ್ತಿಗೇ ತೋಟದಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗುತ್ತದೆ. ದೊಡ್ಡವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ಕೂಲಿ ಕೇಳದ ಮಕ್ಕಳು ಮನೆ ತುಂಬಾ ಇರುತ್ತಾರೆ. ಬಾಲ್ಯದ ಸಾಹಸ ಅಂತ ನಾವು ಈಗ ಹೇಳಿಕೊಂಡು ತಿರುಗುವುದರಲ್ಲಿ ಮುಕ್ಕಾಲುಪಾಲು ಅವರು ಹಚ್ಚಿದ ಚಾಕರಿಯೇ.

ಮೊದಲನೆಯದು ಉದುರಡಿಕೆ ಹೆಕ್ಕುವುದು. ಕೊನೆಗಾರ ಕಾಲಿಗೆ ತಳೆ, ಅಂದರೆ ಮರ ಹತ್ತುವ ಬಳೆಯಂಥ ಹಗ್ಗ, ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಮರ ಹತ್ತುತ್ತಿದ್ದ. ಒಂದು ಮರದ ಕೊನೆ ಇಳಿಸಿದ ಮೇಲೆ ಕೆಳಗೆ ಬರುವ ಮಾತೇ ಇಲ್ಲ. ತಾನು ಕೂತ ಮರವನ್ನೇ ಬಗ್ಗಿಸಿ, ಪಕ್ಕದ ಮರವನ್ನು ಹಿಡಿದೆಳೆದು ದಾಟಿಬಿಡುತ್ತಿದ್ದ. ಕೊನೆ ಹಗ್ಗದ ಮೇಲೆ ಜಾರಿ ಬರುತ್ತಿತ್ತು, ಕೆಳಗೆ ಅಪ್ಪಯ್ಯ ಹಗ್ಗ ಬಿಗಿಹಿಡಿದು ನಿಲ್ಲುತ್ತಿದ್ದರು. ನಾವು ಬಾಯಿ ಬಿಟ್ಟು ಮೇಲೆ ನೋಡುತ್ತಾ ನಿಂತರೆ ಬೈಗುಳ ಖಾತ್ರಿ. ನಮ್ಮ ಕಣ್ಣು ನೆಲದ ಮೇಲಿರಬೇಕು. ಸೋಗೆ ಸಂದಿ, ಕಾಲುವೆ, ಕೆಸರು ಎಲ್ಲ ಕಡೆಯಿಂದ ಅಡಿಕೆ ಆರಿಸಿ ಬುಟ್ಟಿ ತುಂಬಬೇಕು.

ಅಲ್ಲಿ ನಮ್ಮನ್ನು ಕಾಯುತ್ತಿದ್ದವು ಉಂಬಳಗಳು, ಅಂದರೆ ಜಿಗಣೆಗಳು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಬೆರಳ ಸಂದಿಯಲ್ಲಿ ಏನೋ ತಣ್ಣಗೆ ಅನ್ನಿಸಿ ಬಗ್ಗಿ ನೋಡಿದರೆ ರಕ್ತ ಕುಡಿದು ಉಬ್ಬಿಕೊಂಡಿರುತ್ತದೆ. ಅಮ್ಮಮ್ಮನ ಎಲೆ ಅಡಿಕೆ ಸಂಚಿಯಿಂದ ಒಂಚೂರು ಸುಣ್ಣ ಮುಟ್ಟಿಸಿದರೆ ಸುರುಟಿ ಬೀಳುತ್ತಿತ್ತು. ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನೂ ಬಿಡುತ್ತದೆ. ಪೇಟೆಯಿಂದ ರಜೆಗೆ ಬಂದ ಭಾವಯ್ಯ, ಅಂದರೆ ಅತ್ತೆಯ ಮಗ, ಆ ರಕ್ತ ನೋಡಿ ಅಳುತ್ತಿದ್ದ. ಅವನೆದುರು ನಾವು ಶೂರರು!

ಸಂಜೆಯಾದರೆ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮಣೆ ಮೇಲೆ ಸಾಲಾಗಿ ಕೂತು, ನೆಟ್ಟಗೆ ನಿಂತ ಅಲಗಿಗೆ ಅಡಿಕೆ ಒತ್ತಿ, ಒಂದು ತಿರುವು ಕೊಟ್ಟರೆ ಸಿಪ್ಪೆ ಅತ್ತ, ಕಾಯಿ ಇತ್ತ. ನಮಗೆ ಮೆಟ್ಟುಗತ್ತಿ ಮುಟ್ಟಲು ಬಿಡುತ್ತಿರಲಿಲ್ಲ. ಸಿಪ್ಪೆ ಹೊರುವುದಷ್ಟೇ ಪಾಲಿಗೆ. ಚಪ್ಪರದ ಕಂಬಕ್ಕೆ ರೇಡಿಯೋ ನೇತು ಹಾಕಿರುತ್ತಿದ್ದರು. ಭದ್ರಾವತಿ ಆಕಾಶವಾಣಿಯಲ್ಲಿ ಯಕ್ಷಗಾನ ಬಂದರೆ ಸುಲಿಯುವ ಕೈಗೆ ಇನ್ನೂ ಚುರುಕು. ಊರಿನ ಅಷ್ಟೂ ಸುದ್ದಿ ಅಲ್ಲೇ ಸಿಗುತ್ತಿತ್ತು. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದಿದ್ದರು, ಯಾರ ಎಮ್ಮೆ ಕರು ಹಾಕಿತು ಎಲ್ಲ.

ಆಮೇಲೆ ಬೇಯಿಸುವುದು. ದೊಡ್ಡ ತಾಮ್ರದ ಹಂಡೆಗೆ ಹೋದ ಸಲದ ಚೊಗರು ಸುರಿದು, ಅದರಲ್ಲಿ ಅಡಿಕೆ ಕುದಿಸುತ್ತಾರೆ. ಚೊಗರು ಅಂದರೆ ಅಡಿಕೆ ಬೆಂದ ನೀರು, ಕಡು ಕೆಂಪು. ಹೀಗೆ ಬೇಯಿಸಿ ಒಣಗಿಸಿದ ರಾಶಿ ಅಡಿಕೆಗೆ ಆ ಬಣ್ಣ, ಹೊಳಪು ಬರುವುದೇ ಅದರಿಂದ. ಹಾಗಾಗಿ ಅದನ್ನು ಚೆಲ್ಲದೆ ಎತ್ತಿಡುತ್ತಾರೆ. ಒಲೆಯ ಮುಂದೆ ಕೂತು ಉರಿ ನೋಡಿಕೊಳ್ಳುವುದು ಮಕ್ಕಳ ಪಾಲಿನ ಕೆಲಸ. ಆ ಕೆಂಡದಲ್ಲಿ ಗೆಣಸು ಸುಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಮೈಗೆಲ್ಲ ಹೊಗೆ, ಬೆರಳಿಗೆಲ್ಲ ಚೊಗರಿನ ಕಪ್ಪು. ರಜೆ ಮುಗಿಸಿ ಶಾಲೆಗೆ ಹೋದರೆ ಯಾರ ಮನೆಯಲ್ಲಿ ಕೊಯ್ಲು ಆಗಿದೆ ಅಂತ ಕೈ ನೋಡಿಯೇ ಹೇಳಬಹುದಿತ್ತು.

ಬೆಂದ ಅಡಿಕೆ ಚಪ್ಪರದ ಮೇಲೆ ಒಣಗಬೇಕು. ಅಷ್ಟರಲ್ಲಿ ಚಿತ್ತೆ ಮಳೆ. ಕುರುಡು ಚಿತ್ತೆ ಅಂತಲೇ ಕರೆಯುತ್ತಾರೆ, ಎಲ್ಲಿ ಹೊಯ್ಯುತ್ತದೋ ಅದಕ್ಕೇ ಗೊತ್ತಿಲ್ಲ. "ಮಳೆ ಬಂತ್ರೋ!" ಅಂತ ಒಂದು ಕೂಗು ಬಿದ್ದರೆ ಊಟದ ಎಲೆ ಬಿಟ್ಟು ಎಲ್ಲರೂ ಚಪ್ಪರಕ್ಕೆ. ನಮ್ಮಜ್ಜ ಸಂಧ್ಯಾವಂದನೆ ಅರ್ಧಕ್ಕೆ ಬಿಟ್ಟು ಓಡಿದ್ದನ್ನೂ ಕಂಡಿದ್ದೇನೆ. ದೇವರಿಗೂ ಅಡಿಕೆ ದರ ಗೊತ್ತಿರುತ್ತದೆ ಬಿಡಿ.

ಆಶ್ವಿಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ. ಹೊತ್ತಿಗೆ ಸರಿಯಾಗಿ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಪೈರಿನ ಒಳಗೇ ಕಟ್ಟಿಕೊಂಡಿರುತ್ತದೆ. ಬಸುರಿ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ ಇದು. ದೀವರ ಸಮುದಾಯದ ಮನೆಗಳ ಹೆಂಗಸರು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಬಗೆಬಗೆಯ ಸೊಪ್ಪು ಕೂಡಿಸಿ ರಾತ್ರಿಯೇ ಬೇಯಿಸಿ, ಬೆಳಕು ಹರಿಯುವ ಮೊದಲು ದೊಂದಿ ಹಿಡಿದು ಗದ್ದೆಗೆ ಹೊರಡುತ್ತಾರೆ. "ಹಚ್ಚಂಬಲಿ, ಹಾಲಂಬಲಿ" ಅಂತ ಕೂಗುತ್ತಾ ಪೈರಿಗೆ ಬೀರುತ್ತಾರೆ. ಹಗಲು ಗದ್ದೆಯಲ್ಲೇ ಪೂಜೆ, ಅಲ್ಲೇ ಊಟ. ಕಾಗೆಗೂ ಒಂದು ಎಡೆ, ಇಲಿಗೂ ಒಂದು ಎಡೆ. ಸೊಪ್ಪು ತರಲು ಹಿಂದಿನ ದಿನ ಬೇಲಿ, ಹುಲ್ಲು ಬೆಳೆಯುವ ಬ್ಯಾಣ ಅಂತ ತಿರುಗುವವರು ಮತ್ತೆ ಮಕ್ಕಳೇ.

ಅದಾದ ಮೇಲೆ ಕಾಳು ಹಾಲು ತುಂಬುತ್ತದೆ, ಹಂದಿ ಬರುತ್ತದೆ. ಗದ್ದೆಯಲ್ಲಿ ಕಂಬ ನೆಟ್ಟು, ಹುಲ್ಲು ಹೊದಿಸಿದ ಮಾಳದಲ್ಲಿ ರಾತ್ರಿ ಕಾವಲು. ದೊಡ್ಡಪ್ಪನ ಜೊತೆ ಕಂಬಳಿ ಹೊದ್ದು ಕೂತರೆ ನಿದ್ದೆ ಬರುತ್ತಿರಲಿಲ್ಲ. ಎಲ್ಲೋ ಸರಸರ ಅಂದರೆ ತಗಡಿನ ಡಬ್ಬ ಬಡಿಯಬೇಕು, "ಹೋಯ್" ಅನ್ನಬೇಕು. ಆಚೆ ಗದ್ದೆಯ ಮಾಳದಿಂದಲೂ "ಹೋಯ್" ಅಂತ ಮರುದನಿ ಬರುತ್ತಿತ್ತು. ಒಂದೊಂದು ಸಲ ಹಂದಿಯೇ ಬಂದಿರುತ್ತಿರಲಿಲ್ಲ, ಸುಮ್ನೆ ಬಡಿಯುವ ಆಸೆಗೆ ಬಡಿದದ್ದು. ದೊಡ್ಡಪ್ಪನಿಗೆ ಗೊತ್ತಾಗುತ್ತಿತ್ತು, ಆದರೂ ಬೈಯುತ್ತಿರಲಿಲ್ಲ. ಎಚ್ಚರವಾಗಿರಲು ಅವರಿಗೂ ಒಂದು ನೆಪ ಬೇಕಿತ್ತೇನೋ.

ದೀಪಾವಳಿಯ ಬೂರೆ ಹಬ್ಬದ ರಾತ್ರಿ ಒಂದೇ ಯಾರೂ ಹೇಳದೆ ನಾವೇ ಮಾಡುತ್ತಿದ್ದ ಕೆಲಸ. ಅವತ್ತು ಎಳನೀರು, ಸೌತೆಕಾಯಿ ಕದ್ದರೆ ಕಳ್ಳತನವಲ್ಲ. ಬೆಳಿಗ್ಗೆ ನೋಡಿದರೆ ಯಾರದೋ ಮನೆಯ ನೇಗಿಲು ಇನ್ಯಾರದೋ ಅಂಗಳದಲ್ಲಿ.

ಈಗ ಎಷ್ಟೋ ಕಡೆ ನೆಲದ ಮೇಲೆ ನಿಂತೇ ಫೈಬರ್ ದೋಟಿಯಿಂದ ಕೊನೆ ತೆಗೆಯುತ್ತಾರೆ. ಸುಲಿಯಲು ಯಂತ್ರ ಬಂದಿದೆ. ಗದ್ದೆಗೆ ಸೋಲಾರ್ ಬೇಲಿ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡವನು ನಾನು, ದೋಟಿಯನ್ನು ಬೈಯಲಾರೆ. ಆದರೆ ಉದುರಡಿಕೆ ಹೆಕ್ಕುವ ಯಂತ್ರ ನಮ್ಮೂರಿಗೆ ಇನ್ನೂ ಬಂದಿಲ್ಲ. ಮೊನ್ನೆ ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳ ಕೈಗೆ ಬುಟ್ಟಿ ಕೊಟ್ಟು ಕಳಿಸಿದ್ದೇನೆ. ಜೊತೆಗೆ ಒಂಚೂರು ಸುಣ್ಣವನ್ನೂ.

ನಮಸ್ಕಾರ.