ಮೈಸೂರಿನ ‘ಹಳೇ ಊರು’ ನಿಜಕ್ಕೂ ಎಷ್ಟು ಹಳೆಯದು? ಒಂದು ನಡಿಗೆ, ನಡುನಡುವೆ ತಿಂಡಿ

[ದೃಶ್ಯ: ನಜರ್‌ಬಾದ್ ಮುಖ್ಯರಸ್ತೆ, ಬೆಳಗ್ಗೆ. ಹಿಂದೆ ಆಟೋಗಳ ಸದ್ದು.]

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: “ಸರ್, ಮೈಸೂರು ಅರಮನೆ ಎಷ್ಟು ನೂರು ವರ್ಷ ಹಳೆಯದು?” ಉತ್ತರ ಕೇಳಿದರೆ ಸ್ವಲ್ಪ ಬೇಜಾರಾಗಬಹುದು. ಒಂದು ನೂರು, ಮೇಲೊಂದಿಷ್ಟು. ಅಷ್ಟೇ. 1912ರಲ್ಲಿ ಮುಗಿದ ಕಟ್ಟಡ ಅದು. ಹೌರಾ-ದೆಹಲಿ ರೈಲು ಓಡಾಡಲು ಶುರುವಾಗಿ ಎಷ್ಟೋ ವರ್ಷ ಆದ ಮೇಲೆ ಇದು ತಲೆ ಎತ್ತಿದ್ದು.

ಅರಮನೆ ಒಂದೇ ಅಲ್ಲ. ಪೇಟೆಯಲ್ಲಿ ನಾವು “ಹಳೇ ಕಾಲದ್ದು” ಅಂತ ಫೋಟೋ ತೆಗೆಯುವ ಕಟ್ಟಡಗಳಲ್ಲಿ ಬಹಳಷ್ಟು 1880ರಿಂದ 1940ರ ಒಳಗಿನವು. ಒಡೆಯರು ಇಲ್ಲಿ ಆಳುತ್ತಿದ್ದದ್ದು ಅದಕ್ಕಿಂತ ಎಷ್ಟೋ ನೂರು ವರ್ಷ ಹಿಂದಿನಿಂದ. ಹಾಗಾದರೆ ಅದಕ್ಕೂ ಮುಂಚಿನ ಮೈಸೂರು ಎಲ್ಲಿ ಹೋಯಿತು? ಇವತ್ತು ಅದನ್ನೇ ಹುಡುಕಿಕೊಂಡು ನಡೆಯೋಣ. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ.

ಮೊದಲು ತಿಂಡಿ. ನಜರ್‌ಬಾದ್ ಅಂದರೆ ಮೈಲಾರಿ ದೋಸೆ. ಚಿಕ್ಕದು, ದಪ್ಪ, ಮೆತ್ತಗೆ. ಗರಿಗರಿ ಕೇಳಬೇಡಿ, ಅದು ಇಲ್ಲಿಯ ಲೆಕ್ಕ ಅಲ್ಲ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಹತ್ತಿರ ಹತ್ತಿರದಲ್ಲೇ ಎರಡು ಮೈಲಾರಿ ಇವೆ, ಯಾವುದು ಅಸಲಿ ಅಂತ ಮೈಸೂರಿನವರ ಮನೆಗಳಲ್ಲೇ ಎರಡು ಪಕ್ಷ. ನಾನು ಆ ಜಗಳಕ್ಕೆ ಬರಲ್ಲ, ನನಗೆ ಎರಡೂ ಕಡೆ ಊಟ ಬೇಕು.

ದೋಸೆಗೋಸ್ಕರ ಮಾತ್ರ ಇಲ್ಲಿಂದ ಶುರು ಮಾಡಿದ್ದಲ್ಲ. ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇರುವುದೂ ಇಲ್ಲೇ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮೈಸೂರಿನ ಹಳೇ ಕೋಟೆ ಕೆಡವಿಸಿ, ಅದರ ಕಲ್ಲುಗಳನ್ನು ಸಾಗಿಸಿ, ಈ ನಜರ್‌ಬಾದಿನಲ್ಲಿ ಹೊಸ ಕೋಟೆ ಕಟ್ಟಿಸತೊಡಗಿದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು. ಆಗ ಏನಾಯಿತು ಗೊತ್ತಾ? ಅದೇ ಕಲ್ಲುಗಳನ್ನು ಮತ್ತೆ ವಾಪಸ್ ಹೊತ್ತುಕೊಂಡು ಹೋಗಿ ಹಳೇ ಜಾಗದಲ್ಲೇ ಕೋಟೆ ಕಟ್ಟಿದರು! ಹೋದ ಕಲ್ಲು ಬಂತು. ಹೊತ್ತವರ ಭುಜದ ಕಥೆ ಯಾವ ಶಾಸನದಲ್ಲೂ ಬರೆದಿಲ್ಲ.

ಅಂದರೆ 1800ರ ಹೊತ್ತಿಗೆ ಊರನ್ನು ಹೊಸದಾಗಿ ಶುರು ಮಾಡಬೇಕಾಯಿತು. ಕೋಟೆಯೊಳಗಿನ ಲಕ್ಷ್ಮೀರಮಣಸ್ವಾಮಿ ದೇವಸ್ಥಾನದಂಥ ಕೆಲವು ಗುಡಿಗಳು ಅದಕ್ಕಿಂತ ಹಿಂದಿನವು, ಅವನ್ನು ಬಿಟ್ಟು ಹೇಳ್ತಿದೀನಿ.

[ದೃಶ್ಯ: ಪುರಭವನದ ಮುಂಭಾಗ, ಕಂಬಗಳು.]

ಬನ್ನಿ, ಪುರಭವನಕ್ಕೆ. ದಸರಾ ಟೈಮಲ್ಲಿ ಪಾರಂಪರಿಕ ನಡಿಗೆ ನಡೆಸುವವರು ಸಾಮಾನ್ಯವಾಗಿ ಇದರ ಮುಂದೆಯೇ ಜನ ಸೇರಿಸುತ್ತಾರೆ. ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ, 1884. ಇತಿಹಾಸ ಬೇಗ ಹೇಳಿಬಿಡ್ತೀನಿ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, ಕಮಿಷನರ್ ಬೆಂಗಳೂರಿನಲ್ಲಿ ಕೂತ. ರಾಜ ಇಲ್ಲಿ, ಅಧಿಕಾರ ಅಲ್ಲಿ. ಐವತ್ತು ವರ್ಷ ಹೀಗೇ. 1881ರಲ್ಲಿ ರಾಜ್ಯ ವಾಪಸ್ ಸಿಕ್ಕಿತು, ಸಿ. ರಂಗಾಚಾರ್ಲು ದಿವಾನರಾದರು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಸೇರಿತು. ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಅವರ ನೆನಪಿಗೆ ಈ ಕಟ್ಟಡ. ಅಧಿಕಾರ ಊರಿಗೆ ವಾಪಸ್ ಬಂದ ಮೇಲೆಯೇ ಇಲ್ಲಿ ಗಾರೆ ಕೆಲಸ ಜೋರಾಗಿದ್ದು, ಇಷ್ಟು ನೆನಪಿಟ್ಟುಕೊಂಡರೆ ಸಾಕು.

[ದೃಶ್ಯ: ದೊಡ್ಡ ಗಡಿಯಾರ, ಕ್ಯಾಮೆರಾ ಮುಳ್ಳಿನ ಹತ್ತಿರಕ್ಕೆ.]

ಎದುರಿಗೆ ದೊಡ್ಡ ಗಡಿಯಾರ. ಎತ್ತರ 75 ಅಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಸೇರಿ ಕಟ್ಟಿಸಿದ್ದು. ಅಂಕಿ ನೋಡಿ. ಕನ್ನಡ ಅಂಕಿ. ಬಸ್ ಸ್ಟ್ಯಾಂಡಿಗೆ ಓಡುವಾಗ ದಿನಾ ಇದರ ಕೆಳಗೆ ಹಾಯುವವರಲ್ಲೇ ಎಷ್ಟೋ ಜನ ಇದನ್ನು ಗಮನಿಸಿರಲ್ಲ. ಈ ಅಂಕಿಗಳನ್ನು ಮನಸ್ಸಲ್ಲಿಟ್ಟುಕೊಳ್ಳಿ, ಚಿಕ್ಕ ಗಡಿಯಾರದ ಹತ್ತಿರ ಬೇಕಾಗುತ್ತದೆ.

[ದೃಶ್ಯ: ಅರಮನೆ, ಕಲ್ಯಾಣ ಮಂಟಪದ ಚಾವಣಿ.]

ಈಗ ಅರಮನೆ. ಹತ್ತು ಗಂಟೆಗೆ ಬಾಗಿಲು ತೆಗೆಯುತ್ತಾರೆ, ಚಪ್ಪಲಿ ಹೊರಗೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಬೈಕೋಬೇಡಿ.

ಟಿಪ್ಪು ಕಾಲ ಮುಗಿದ ಮೇಲೆ ಇಲ್ಲಿ ಎದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ. ಮದುವೆ ಸಂಭ್ರಮದ ನಡುವೆಯೇ ಬೆಂಕಿ ಬಿತ್ತು. ಆಗ ರಾಜ, ಅಂದರೆ ನಾಲ್ವಡಿಯವರು, ಇನ್ನೂ ಹುಡುಗ. ಅಪ್ಪ ಹತ್ತನೇ ಚಾಮರಾಜ ಒಡೆಯರ್ 1894ರಲ್ಲೇ ತೀರಿಹೋಗಿದ್ದರು. ರಾಜ್ಯ ನಡೆಸುತ್ತಿದ್ದದ್ದು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಗಂಡ ಹೋಗಿ ಮೂರು ವರ್ಷ ಆಗಿಲ್ಲ, ಮಗಳ ಮದುವೆಯಲ್ಲಿ ಮನೆ ಸುಟ್ಟುಹೋಯಿತು. ಅವರು ಅದೇ ವರ್ಷ ಹೊಸ ಅರಮನೆ ಕೆಲಸ ಶುರು ಮಾಡಿಸಿದರು. ಶಿಮ್ಲಾದ ವೈಸ್‌ರಾಯ್ ಬಂಗಲೆ ಮಾಡಿದ ಹೆನ್ರಿ ಇರ್ವಿನ್‌ಗೆ ಕೆಲಸ ಕೊಟ್ಟರು. ಖರ್ಚು ಹತ್ತಿರ ಹತ್ತಿರ 42 ಲಕ್ಷ ರೂಪಾಯಿ. ಎಲ್ಲ ಗೈಡ್‌ಗಳೂ ಇರ್ವಿನ್ ಹೆಸರು ಹೇಳುತ್ತಾರೆ. ಈ ಅಮ್ಮನ ಹೆಸರು ಹೇಳುವವರು ಕಡಿಮೆ, ನನಗೆ ಇದು ಸರಿ ಕಾಣಲ್ಲ.

ಈಗ ನನ್ನ ಅಚ್ಚುಮೆಚ್ಚಿನ ಜಾಗ, ಕಲ್ಯಾಣ ಮಂಟಪ. ಎಂಟು ಮೂಲೆ. ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳು. ಎಲ್ಲರೂ ಕತ್ತೆತ್ತಿ ನವಿಲು ನೋಡುತ್ತಾರೆ. ನೀವು ಕಂಬ ನೋಡಿ. ಬಣ್ಣ ಬಳಿದಿರುವುದರಿಂದ ಗಾರೆ ಅನ್ನಿಸುತ್ತದೆ, ಆದರೆ ಅದು ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ಮ್ಯಾಕ್‌ಫರ್ಲೇನ್ ಅವರ ಎರಕದ ಕಾರ್ಖಾನೆಯಲ್ಲಿ ಆಗಿ, ಹಡಗು ಹತ್ತಿ ಬಂದದ್ದು. ಆ ಕಾರ್ಖಾನೆ ಹೆಸರೇನು ಗೊತ್ತಾ? ಸ್ಯಾರಸನ್ ಫೌಂಡ್ರಿ! ಭಾರತದ, ಇಸ್ಲಾಮಿ, ಯುರೋಪಿನ ವಿನ್ಯಾಸ ಬೆರೆಸಿದ ಈ ಅರಮನೆಯ ಶೈಲಿಗೆ ಇಂಡೋ-ಸ್ಯಾರಸೆನಿಕ್ ಅಂತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಕೂಡಿ ಬಂದದ್ದು. ಆದರೂ ನನಗೆ ಪ್ರತಿ ಸಲ ನಗು ಬರುತ್ತದೆ.

ಸರಿ, ಈಗ ಎರಡನ್ನೂ ಜೋಡಿಸಿ ನೋಡಿ. ಮನೆ ಸುಟ್ಟದ್ದು ಮದುವೆಯಲ್ಲಿ. ಹೊಸ ಮನೆಯಲ್ಲಿ ಮದುವೆ ನಡೆಸುವ ಮಂಟಪಕ್ಕೇ ಕಬ್ಬಿಣದ ಕಂಬ, ಗಾಜಿನ ಚಾವಣಿ. ಬೆಂಕಿ ಹತ್ತುವ ಸಾಮಾನು ಅಲ್ಲಿ ಹುಡುಕಿದರೂ ಹೆಚ್ಚು ಸಿಗಲ್ಲ. ಅರಮನೆಯಲ್ಲಿ ಮರವೇ ಇಲ್ಲ ಅಂತಲ್ಲ, ಇಲ್ಲಿಯ ಇನ್ನೊಂದು ಸಭಾಂಗಣ ಅಂಬಾವಿಲಾಸದ ತೇಗದ ಕೆತ್ತನೆ ನೋಡಿದರೆ ಗೊತ್ತಾಗುತ್ತದೆ. ಆದರೆ ಈ ಮಂಟಪದಲ್ಲಿ ಮಾತ್ರ ಆ ತಾಯಿಯ ಭಯ ಕಾಣುತ್ತದೆ ಅಂತ ನನಗನ್ನಿಸುತ್ತದೆ. ಇದು ನನ್ನ ಓದು, ಯಾರೂ ಬರೆದಿಟ್ಟಿದ್ದಲ್ಲ. ಒಪ್ಪದಿದ್ದರೆ ಕೆಳಗೆ ಜಗಳ ಆಡಿ.

ಗೋಡೆ ಸುತ್ತ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಫೋಟೋ ನೋಡಿಕೊಂಡು ಬಿಡಿಸಿದವು, ಅದಕ್ಕೇ ಮುಖಗಳು ಅಷ್ಟು ಖಚಿತ. ಇವೂ 1930-40ರ ದಶಕದವು. ನೋಡಿದ್ರಾ, ಎಲ್ಲಿ ಕೆರೆದರೂ 1880ರಿಂದ 1940ರ ಅದೇ ಅರವತ್ತು ವರ್ಷ.

[ದೃಶ್ಯ: ಕೆ.ಆರ್. ಸರ್ಕಲ್, ನಂತರ ದೇವರಾಜ ಮಾರುಕಟ್ಟೆಯ ಹೂವಿನ ಸಾಲು.]

ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿಯವರ ಪ್ರತಿಮೆಗೆ ಒಂದು ನಮಸ್ಕಾರ ಹಾಕಿ ಸಯ್ಯಾಜಿರಾವ್ ರಸ್ತೆಗೆ ಬನ್ನಿ. ಇಷ್ಟು ಅಗಲ ರಸ್ತೆ, ಇಷ್ಟು ಸರ್ಕಲ್ಲು ಎಲ್ಲಿಂದ ಬಂತು? ಒಂದು ಮುಖ್ಯ ಕಾರಣ ಪ್ಲೇಗ್. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳನ್ನು ಕಂಗೆಡಿಸಿತು. 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಮಂಡಳಿ ಮಾಡಿದರು. ಗಾಳಿ ಆಡಲಿ ಅಂತ ರಸ್ತೆ ಅಗಲ ಮಾಡಿ, ಹೊಸ ಬಡಾವಣೆ ಹಾಕಿದರು. ನಾವು “ರಾಜಮಹಾರಾಜರ ವೈಭವ” ಅನ್ನುವುದರಲ್ಲಿ ಅರ್ಧ ಆರೋಗ್ಯ ಇಲಾಖೆ ಕೆಲಸ.

ಮಾರುಕಟ್ಟೆ ಒಳಗೆ ಬಂದ ಮೇಲೆ ಮಾತು ಕಮ್ಮಿ, ಮೂಗು ಜಾಸ್ತಿ. ಗುಡ್ಡೆ ಹಾಕಿದ ಕುಂಕುಮ, ಅದರ ಪಕ್ಕ ಊದುಬತ್ತಿ. ಮೈಸೂರು ಮಲ್ಲಿಗೆ ಮೊಳದ ಲೆಕ್ಕದಲ್ಲಿ. ಹೂವಿನವರು ಮೊಣಕೈಯಿಂದ ಬೆರಳ ತುದಿವರೆಗೆ ಎಳೆದು ತೋರಿಸುತ್ತಾರೆ, ಅಳತೆ ಅವರ ಕೈದು, ಆದ್ದರಿಂದ ಉದ್ದ ಕೈಯವರನ್ನು ಹುಡುಕಿ. ಮೈಸೂರು ವೀಳ್ಯದೆಲೆ ತಗೊಂಡು ಮೂಸಿ ನೋಡಿ. ನಂಜನಗೂಡು ರಸಬಾಳೆ ಕೇಳಿ, ಆದರೆ ಕೇಳಿದ ತಕ್ಷಣ ತೋರಿಸಿದ್ದೆಲ್ಲ ರಸಬಾಳೆ ಅಂದುಕೊಳ್ಳಬೇಡಿ. ಪನಾಮಾ ಸೊರಗು ರೋಗ ಬಡಿದು ಆ ಬಾಳೆ ಬೆಳೆಯುವವರೇ ಕಡಿಮೆ ಆಗಿದ್ದಾರೆ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಿಕೆ (ಜಿಐ) ಇದೆ, ಅಂದರೆ ಇಂಥ ಜಾಗದ್ದೇ ಅನ್ನುವ ಅಧಿಕೃತ ಗುರುತು.

ಹೊರಗೆ ಬಂದರೆ ಚಿಕ್ಕ ಗಡಿಯಾರ. ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ 1886ರಲ್ಲಿ ಕಟ್ಟಿದ್ದು. ಸ್ವಲ್ಪ ದೂರದ ಲ್ಯಾನ್ಸ್‌ಡೌನ್ ಕಟ್ಟಡ ಇನ್ನೊಬ್ಬ ವೈಸ್‌ರಾಯ್ ಬಂದ ನೆನಪಿಗೆ, 1892. ಈಗ ದೊಡ್ಡ ಗಡಿಯಾರ ನೆನಪು ಮಾಡಿಕೊಳ್ಳಿ. ಅಧಿಕಾರ ವಾಪಸ್ ಸಿಕ್ಕಿದ ಹೊಸದರಲ್ಲಿ ಬ್ರಿಟಿಷ್ ದೊಡ್ಡ ಸಾಹೇಬರ ಹೆಸರಿಗೆ ಕಟ್ಟಡ. ನಲವತ್ತು ವರ್ಷ ಕಳೆದ ಮೇಲೆ ನಮ್ಮ ರಾಜರ ಹೆಸರಿಗೆ, ಕನ್ನಡ ಅಂಕಿ ಹಾಕಿ, ಇದಕ್ಕಿಂತ ದೊಡ್ಡದು. ಜೋರಾಗಿ ಏನೂ ಹೇಳದೆ ಹೇಳಿಬಿಟ್ಟರು, ಅಲ್ವಾ?

[ದೃಶ್ಯ: ಮಿಠಾಯಿ ಅಂಗಡಿ. ಮೈಸೂರ್ ಪಾಕ್ ತುಂಡು ಹತ್ತಿರದಿಂದ.]

ಬಾಯಿ ಸಿಹಿ ಮಾಡೋಣ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ನಡೆಸುವವರು ಅರಮನೆ ಅಡುಗೆಯ ಕಾಕಾಸುರ ಮಾದಪ್ಪನವರ ವಂಶದವರು. ನಾಲ್ವಡಿಯವರ ಕಾಲದಲ್ಲಿ ಮೈಸೂರ್ ಪಾಕ್ ಮಾಡಿದ್ದು ಮಾದಪ್ಪನವರೇ ಅನ್ನುವುದು ಮನೆತನದ ಮಾತು. ಹಾಗಾದರೆ ಸಿಹಿಗೂ ಅರಮನೆಗೂ ಹೆಚ್ಚುಕಮ್ಮಿ ಒಂದೇ ವಯಸ್ಸು.

ತುಂಡು ಮುರಿದು ನೋಡಿ. ತೂತು ತೂತು, ಥೇಟ್ ಜೇನುಗೂಡು. ಯಾಕೆ? ಒಂದೆಳೆ ಸಕ್ಕರೆ ಪಾಕಕ್ಕೆ ಕಡಲೆಹಿಟ್ಟು ಬಿತ್ತು ಅಂತಿಟ್ಟುಕೊಳ್ಳಿ. ಪಕ್ಕದ ಒಲೆ ಮೇಲೆ ತುಪ್ಪ ಹೊಗೆಯಾಡುವಷ್ಟು ಕಾದಿರಬೇಕು. ಅದನ್ನು ಸೌಟು ಸೌಟಾಗಿ ಹಾಕಿದಾಗ ಸೊರ್ ಅಂತ ಉಕ್ಕುತ್ತದಲ್ಲ, ಅದು ಪಾಕದೊಳಗಿನ ನೀರು ಒಂದೇ ಏಟಿಗೆ ಆವಿ ಆಗುವ ಸದ್ದು. ಆವಿ ಹೊರಗೆ ನುಗ್ಗುತ್ತದೆ, ಸುತ್ತಲಿನ ಸಕ್ಕರೆ ಗಟ್ಟಿಯಾಗುತ್ತದೆ, ಆವಿ ಹೋದ ದಾರಿ ತೂತಾಗಿ ಉಳಿಯುತ್ತದೆ. ತುಪ್ಪ ಸಾಕಷ್ಟು ಕಾದಿಲ್ಲವೋ, ತೂತು ಇಲ್ಲ. ತಟ್ಟೆಗೆ ಸುರಿದ ಮೇಲೆ ಅಂಚು ಬೇಗ ಆರುತ್ತದೆ, ನಡುಭಾಗ ಬಿಸಿಯಾಗೇ ಇದ್ದು ಇನ್ನೂ ಬೇಯುತ್ತದೆ. ಅದಕ್ಕೇ ಮಧ್ಯದಲ್ಲಿ ಆ ಕೆಂಪು ಪಟ್ಟಿ. ಬಾಯಲ್ಲಿಟ್ಟರೆ ಕರಗುವ ಮೆತ್ತನೆ ತುಪ್ಪದ ಪಾಕ್ ಬೇರೆ, ಅದೂ ಚೆನ್ನಾಗಿರುತ್ತದೆ. ಆದರೆ ನನ್ನ ಓಟು ಈ ಗಟ್ಟಿ, ತೂತಿನ ಪಾಕ್‌ಗೇ.

[ತೆರೆಯ ಮೇಲೆ ಬರಹ: “ಟೈಮ್ ಮುಗೀತಾ ಬಂತು”]

ಉಳಿದದ್ದು ಓಡುತ್ತಾ ಹೇಳ್ತೀನಿ. ಜಗನ್ಮೋಹನ ಅರಮನೆ 1861ರದ್ದು, ನಮ್ಮ ಅರವತ್ತು ವರ್ಷದ ಲೆಕ್ಕದಿಂದ ಹೊರಗೆ ನಿಲ್ಲುವ ಹಿರಿಯ. ದೊಡ್ಡ ಅರಮನೆ ಇನ್ನೂ ಕಟ್ಟುತ್ತಿದ್ದದ್ದರಿಂದ 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಕೊಟ್ಟ ಸಮಾರಂಭ ಅಲ್ಲೇ ನಡೆಯಿತು. ಸಂತ ಫಿಲೋಮಿನಾ ಚರ್ಚ್‌ಗೆ 1933ರಲ್ಲಿ ಅಡಿಗಲ್ಲು ಹಾಕಿದ್ದೂ ನಾಲ್ವಡಿಯವರೇ, ಜೋಡಿ ಗೋಪುರ 175 ಅಡಿ. ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅದಕ್ಕೆ ಬೇರೆ ವಿಡಿಯೋನೇ ಬೇಕು. ಮಾಂಸಾಹಾರಿಗಳು ಮನ್ನಾರ್ಸ್ ಮಾರ್ಕೆಟ್ ಕಡೆ ಹನುಮಂತು ಪಲಾವ್ ಕೇಳಿಕೊಂಡು ಹೋಗಿ. ಸಂಜೆ ಗಾಡಿ ಮುಂದೆ ನಿಂತು ಚುರುಮುರಿ.

ಒಂದು ಮಾತ್ರ ಓಡುತ್ತಾ ಹೇಳೋಕಾಗಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಇಟ್ಟಿಗೆ, ಸುಣ್ಣದ ಗಾರೆ, ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಚಾವಣಿ) ಕಟ್ಟಡಗಳು. ಮಳೆನೀರು ಒಳಗೆ ಇಳಿಯಲು ಬಿಟ್ಟರೆ, ಗೋಡೆ ಬಿರುಕಲ್ಲಿ ಅರಳಿ ಗಿಡ ಬೇರು ಬಿಟ್ಟರೆ, ಸುಣ್ಣದ ಗಾರೆ ತಡೆಯಲ್ಲ. ಕೆಡವಿ ಹೊಸದಾಗಿ ಕಟ್ಟಬೇಕಾ, ರಿಪೇರಿ ಸಾಕಾ ಅನ್ನುವ ಜಗಳ ಕೋರ್ಟಿಗೂ ಹೋಯಿತು. ತಜ್ಞರೇ ಎರಡು ಪಾಲು. ನನ್ನ ಮಾತು ಕೇಳಿದರೆ, ರಿಪೇರಿ. ಅರಮನೆಗೆ ಬಲ್ಬು ಹಾಕುವಷ್ಟು ಶ್ರದ್ಧೆಯಲ್ಲಿ ಮಾರುಕಟ್ಟೆ ಚಾವಣಿಯ ಮೇಲಿನ ಗಿಡ ಕಿತ್ತಿದ್ದರೂ ಎಷ್ಟೋ ಉಳಿಯುತ್ತಿತ್ತು. ಆದರೆ ಅದರ ಕೆಳಗೆ ದಿನಾ ಕೂರುವ ವ್ಯಾಪಾರಿಗಳು ಏನನ್ನುತ್ತಾರೋ ಅದು ನನ್ನ ಮಾತಿಗಿಂತ ಮುಖ್ಯ.

ಬಲ್ಬು ಅಂದೆನಲ್ಲ, ಅರಮನೆ ದೀಪ ಭಾನುವಾರ ಸಂಜೆ ಏಳಕ್ಕೆ ಹಚ್ಚುತ್ತಾರೆ. ಹೋಗುವುದಾದರೆ ಸ್ವಲ್ಪ ಮುಂಚೆ ಹೋಗಿ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಮುಂದಿನ ವಿಡಿಯೋ ಅರ್ಥಶಾಸ್ತ್ರದ ತಾಳೆಗರಿ ಬಗ್ಗೆ. ಮೈಲಾರಿ ಜಗಳದಲ್ಲಿ ನೀವು ಯಾವ ಪಕ್ಷ ಅಂತ ಕೆಳಗೆ ಬರೆಯಿರಿ.